ಸೌಟಿನ ಸದ್ದಿಗೆ ಬರುತ್ತಿದ್ದ ಮೀನುಗಳು

ನಮ್ಮ ಸೋದರತ್ತೆಯ ದೋಣಿಯಲ್ಲಿ ಮೈಕು ಇಲ್ಲ, ಬೇಕಾಗಿಯೂ ಇಲ್ಲ. ಅವಳು ಬಂದರಿನ ಈ ದಡದಲ್ಲಿ ಬಾಯಿ ತೆರೆದರೆ ಆ ದಡದಲ್ಲಿ ಲಂಗರು ಹಾಕಿದ ಹಡಗಿನವರು ತಿರುಗಿ ನೋಡುತ್ತಾರೆ. ಊರೆಲ್ಲ ಅವಳನ್ನು ಕರೆಯುವುದೇ ತುತ್ತೂರಿ ಎಂದು. ಅವಳಿಗೂ ಬೇಸರವಿಲ್ಲ. "ಪಿಸುಗುಟ್ಟೋರಿಗೆ ಯಾರು ಹೆಸರಿಡ್ತಾರೆ?" ಎನ್ನುತ್ತಾಳೆ.

ದೋಣಿಯ ತಳದಲ್ಲಿ ಬಾಗಿಲಿನಷ್ಟು ದೊಡ್ಡ ಗಾಜು ಕೂರಿಸಿದೆ. ಪ್ರವಾಸಿಗರು ಅದರ ಸುತ್ತ ಬೆಂಚಿನ ಮೇಲೆ ಕೂತು ಮೊದಲು ಬಂದರನ್ನು, ಆಮೇಲೆ ನೀರೊಳಗಿನ ಹವಳದ ದಿಬ್ಬವನ್ನು ನೋಡುತ್ತಾರೆ. ಮಾವ ಹಿಂದೆ ಕೂತು ಇಂಜಿನ್ ನೋಡಿಕೊಳ್ಳುತ್ತಾರೆ. ಉಳಿದದ್ದೆಲ್ಲ ಅತ್ತೆಯ ಬಾಯಿ.

"ಎಡಕ್ಕೆ ನೋಡಿ, ಸುಂಕದ ಕಚೇರಿ. ನೂರು ವರ್ಷದ ಕಟ್ಟಡ, ಒಳಗಿರೋ ಕೆಲವು ಫೈಲಿಗೂ ಅಷ್ಟೇ ವಯಸ್ಸು. ಮೇಲಿರೋದು ಗಡಿಯಾರ. ಅದನ್ನ ನಂಬಿ ಹಡಗು ತಪ್ಪಿಸಿಕೊಂಡೋರು ಎಷ್ಟೋ ಜನ ಇಲ್ಲೇ ಸಂಸಾರ ಹೂಡಿದಾರೆ. ನಮ್ಮ ಯಜಮಾನರ ಅಪ್ಪನೂ ಅವರಲ್ಲೊಬ್ಬರು. ಇನ್ನು ಆ ಬಿಳಿ ಮರಳು, ಬೆಳಿಗ್ಗೆ ನೀವು ಹೊರಳಾಡಿದ್ರಲ್ಲ, ಅದರಲ್ಲಿ ಮುಕ್ಕಾಲು ಪಾಲು ಮೀನಿನ ಹೇಲು."

ಇಷ್ಟು ಹೇಳಿದ ಕೂಡಲೇ ಒಬ್ಬರಾದರೂ ಕಾಲೆತ್ತಿ ಅಂಗಾಲು ನೋಡಿಕೊಳ್ಳುತ್ತಾರೆ.

ಮುಕ್ಕಾಲು ಎನ್ನುವುದು ಅತ್ತೆಯ ಅಂದಾಜು, ಉಳಿದದ್ದು ನಿಜ. ಗಿಳಿಯ ಕೊಕ್ಕಿನಂಥ ಬಾಯಿಯಿರುವ ಗಿಳಿಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಜೊತೆಗೆ ಹೊಟ್ಟೆ ಸೇರಿದ ಹವಳದ ಕಲ್ಲು ನುಣ್ಣಗೆ ಪುಡಿಯಾಗಿ, ಮರಳಾಗಿ ಹೊರಬೀಳುತ್ತದೆ. ಆ ಮೀನೇ ಇಲ್ಲವಾದರೆ ಪಾಚಿ ಬೆಳೆದು ಹವಳವನ್ನು ಮುಚ್ಚಿಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಹಾಗೆಯೇ ಆಗುತ್ತಿತ್ತು. ಬಂದವರೆಲ್ಲ ಬಲೆ ಬೀಸಿ ಮೀನು ಬಾಚಿಕೊಂಡು ಹೋಗಿ, ಪ್ರವಾಸಿಗರು ಗಾಜಿನಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ವಾಪಸಾಗುತ್ತಿದ್ದರು. ಆಗ ಅತ್ತೆ ಮೀನುಗಾರರ ಸಭೆಗೆ ನುಗ್ಗಿ, ಕಿವಿ ತೂತು ಬೀಳುವ ಹಾಗೆ ಮಾತಾಡಿ ಒಂದು ಒಪ್ಪಂದ ಮಾಡಿಸಿದಳು. ದಿಬ್ಬದ ಸುತ್ತ ಕೆಂಪು ಡ್ರಮ್ಮುಗಳನ್ನು ತೇಲಿಬಿಡುವುದು. ಅವುಗಳ ಒಳಗೆ ಯಾರೂ ಬಲೆ ಬೀಸಬಾರದು, ಗಾಳ ಇಳಿಸಬಾರದು. ಎಲ್ಲರೂ ಒಪ್ಪಿದರು. ಕೆಲವರು ಒಪ್ಪಿದ್ದು ಸಭೆ ಮುಗಿದರೆ ಸಾಕೆಂದು.

ಮೀನು ಮರಳಿ ಬಂತು. ಆದರೆ ಪ್ರವಾಸಿಗರು ಬಂದ ಹೊತ್ತಿಗೇ ಅದು ಗಾಜಿನ ಕೆಳಗೆ ಬರಬೇಕಲ್ಲ? ಅತ್ತೆ ಕಬ್ಬಿಣದ ಸೌಟಿನಿಂದ ದೋಣಿಯ ಅಂಚಿಗೆ ಟಕ್ ಟಕ್ ಟಕ್ ಎಂದು ತಟ್ಟಿ, ಒಣ ಬ್ರೆಡ್ಡಿನ ಚೂರು ಎಸೆಯತೊಡಗಿದಳು. ಕೆಲವೇ ವಾರಗಳಲ್ಲಿ ಸೌಟು ತಟ್ಟಿದರೆ ಸಾಕು, ದಿಬ್ಬವೇ ಎದ್ದು ಬಂದ ಹಾಗೆ ಮೀನುಗಳು ಬರುತ್ತಿದ್ದವು. ಬಣ್ಣ ಬಳಿದುಕೊಂಡಂತಿದ್ದ, ಬಾಲ ಸೀಳಿದ ಗಿಳಿಮೀನಿಗೆ ಮದುಮಗಳು ಎಂದು ಹೆಸರಿಟ್ಟಳು. ದಪ್ಪ ತುಟಿಯ, ಮುದಿ, ಭಾರಿ ಮೀನೊಂದಕ್ಕೆ ಅಧ್ಯಕ್ಷರು ಎಂದು. ಅದು ಎಲ್ಲರಿಗಿಂತ ತಡವಾಗಿ ಬಂದು, ಬಾಯಿ ತೆರೆದು, ಸಿಕ್ಕಿದ್ದು ನುಂಗಿ, ಏನೂ ಮಾಡದೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆಯ ಮೈದುನ ಅಡುಗೆಮನೆಗೆ ಬಂದು ಚೀಲವೊಂದನ್ನು ಕಟ್ಟೆಯ ಮೇಲಿಟ್ಟ. ಅವನೂ ಮೀನುಗಾರ; ಬಂದರಿನ ಹೋಟೆಲಿಗೆ ಮೀನು ಕೊಡುವವನು. ಅತ್ತೆ ಚೀಲ ಬಿಚ್ಚಿದಳು. ಒಳಗೆ ಬಾಲ ಸೀಳಿದ ಗಿಳಿಮೀನು.

"ಎಲ್ಲಿ ಹಿಡಿದ್ಯೋ ಇದನ್ನ?"

"ಡ್ರಮ್ಮಿನ ಆಚೆ ಅತ್ತಿಗೆ, ಒಂದು ಮಾರು ಆಚೆ. ನಿಮ್ಮ ಒಪ್ಪಂದ ನನಗೆ ಬಾಯಿಪಾಠ."

"ಅದ್ಯಾಕೆ ಡ್ರಮ್ಮು ದಾಟಿ ಬಂತು? ನಿನ್ನ ಚೆಂದದ ಮುಖ ನೋಡೋಕಾ?"

"ಕರೆದೆ, ಬಂತು."

"ಹೇಗೆ ಕರೆದೆ?"

ಮೈದುನ ಒಲೆಯ ಪಕ್ಕದ ಸೌಟು ತೆಗೆದು ಕಟ್ಟೆಗೆ ತಟ್ಟಿದ. ಟಕ್ ಟಕ್ ಟಕ್. "ಶಾಲೆ ನಡೆಸ್ತಿರೋದು ನೀವು. ನಾನು ಗಂಟೆ ಹೊಡೆದೆ, ಅಷ್ಟೇ. ಹೋಟೆಲಿನೋರು ದೊಡ್ಡದೇ ಬೇಕು ಅಂತಿದಾರೆ. ಮುಂದಿನ ವಾರ ನಿಮ್ಮ ಅಧ್ಯಕ್ಷರನ್ನೂ ಕರೀತೀನಿ."

ಅವನು ಹೋದ ಮೇಲೂ ಅತ್ತೆ ಮೀನಿನ ಮುಂದೆಯೇ ನಿಂತಿದ್ದಳು. ಮಾವ ಇಣುಕಿ ನೋಡಿ, "ಸತ್ತದ್ದು ಸತ್ತಾಯ್ತು. ಬೇಯಿಸಿದ್ರೆ ತಪ್ಪೇನು?" ಎಂದರು. ಬೇಯಿಸಿದಳು. ಅವಳು ಮುಟ್ಟಲಿಲ್ಲ. ಮಾವ ಎರಡು ಸಲ ಬಡಿಸಿಕೊಂಡರು.

ಸಭೆಯ ಹಿರಿಯರ ಹತ್ತಿರ ಹೋದರೆ, "ಆಚೆ ಅಂದ್ರೆ ಆಚೆನೇ ಕಣಮ್ಮ. ಮೀನಿಗೂ ಒಪ್ಪಂದ ಓದಿ ಹೇಳ್ಬೇಕಿತ್ತು" ಎಂದು ನಕ್ಕರು.

"ಅವನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ," ಎಂದಳು ಅತ್ತೆ ಮನೆಗೆ ಬಂದು.

ಮರುದಿನ ಪ್ರವಾಸಿಗರು ಏಳುವ ಮೊದಲೇ ಅವಳೂ ಮಾವನೂ ದಿಬ್ಬಕ್ಕೆ ಹೋದರು. ಅತ್ತೆ ಸೌಟು ತಟ್ಟಿದಳು. ಮೀನುಗಳು ನುಗ್ಗಿ ಬಂದವು. ಬ್ರೆಡ್ಡಿನ ಬದಲು ಉದ್ದನೆಯ ಬಿದಿರುಕೋಲು ನೀರಿಗಿಳಿಯಿತು. ತಿವಿದಳು, ನೀರು ಬಡಿದಳು, ಬೈದಳು. ಮೀನುಗಳು ದಿಕ್ಕಾಪಾಲಾದವು.

ಎಂದಿನಂತೆ ತಡವಾಗಿ ಬಂದದ್ದು ಅಧ್ಯಕ್ಷರು. ಕೋಲಿನ ಹತ್ತಿರವೇ ಬಂದು ಬಾಯಿ ತೆರೆದು ನಿಂತರು. ಅತ್ತೆಯ ಕೈ ಏಳಲಿಲ್ಲ.

"ನಾನು ತಿವೀಲಾ?" ಎಂದರು ಮಾವ.

"ಬೇಡ. ನೀವು ತಿವಿದ್ರೆ ನಿಮ್ಮನ್ನ ಕಂಡ್ರೆ ಹೆದರುತ್ತೆ. ಅದು ನನ್ನ ಸೌಟಿಗೆ ಹೆದರ್ಬೇಕು." ಕೋಲೆತ್ತಿ ಸರಿಯಾಗಿ ತುಟಿಗೇ ತಿವಿದಳು. "ಹೋಗು ಮುದುಕಾ, ಹೋಗು! ಹೋಟೆಲಿನ ಬಾಣಲೆಗೆ ಬೀಳ್ತೀಯಾ?"

ದಿನಾ ಹಾಗೆಯೇ ನಡೆಯಿತು. ಮೀನುಗಳು ದೋಣಿಗೇ ಹೆದರಿಬಿಡಬಾರದಲ್ಲ, ಅದಕ್ಕೆ ಸೌಟು ತಟ್ಟದೆ ಸುಮ್ಮನೆ ನಿಂತಾಗ ಕೋಲು ಮುಟ್ಟುತ್ತಿರಲಿಲ್ಲ. ಕೊನೆಗೆ ಮೊದಲ ಟಕ್ ಕೇಳುತ್ತಲೇ ಇಡೀ ದಿಬ್ಬ ಖಾಲಿಯಾಗತೊಡಗಿತು.

ಮೈದುನ ಡ್ರಮ್ಮಿನಾಚೆ ಸೌಟು ಸವೆಯುವಷ್ಟು ತಟ್ಟಿದ. ಒಂದು ಮರಿಯೂ ಬರಲಿಲ್ಲ. ನೇರವಾಗಿ ಮನೆಗೇ ಬಂದ.

"ನಿಮ್ಮ ಹೊಟ್ಟೆ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ ಅತ್ತಿಗೆ? ಇನ್ನು ಪ್ರವಾಸಿಗಳಿಗೆ ಏನು ತೋರಿಸ್ತೀರಿ?"

"ನಿನ್ನನ್ನೇ ತೋರಿಸ್ತೀನಿ ಬಿಡು."

ಆಸೆ ಬಿಡದೆ ಅವನು ಮತ್ತೆ ಡ್ರಮ್ಮಿನಾಚೆ ಬಂದು ಕೂತಾಗ, ಹೇಳಿದಂತೆ ತೋರಿಸಿಯೂಬಿಟ್ಟಳು. "ಅಗೋ, ಡ್ರಮ್ಮಿನಾಚೆ ಸೌಟು ತಟ್ತಾ ಕೂತಿದಾನಲ್ಲ, ಅವನು ನನ್ನ ಮೈದುನ. ಅಡುಗೆ ಬರಲ್ಲ, ಸೌಟಿನ ಮೇಲೆ ಮಾತ್ರ ಬಹಳ ಪ್ರೀತಿ." ದೋಣಿ ತುಂಬ ಜನ ಕೈಬೀಸಿದರು, ಫೋಟೊ ತೆಗೆದರು. ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಅವನು ಲಂಗರೆತ್ತಿ ಆಳದ ನೀರಿಗೆ ಹೋದ.

ಆದರೆ ಅವನ ಪ್ರಶ್ನೆ ಸುಳ್ಳಾಗಿರಲಿಲ್ಲ. ಕರೆದರೆ ಬರುವ ಮೀನಿಲ್ಲವೆಂದು ತಿಳಿದು ಎಷ್ಟೋ ಪ್ರವಾಸಿಗರು ಹಾಡು ಹಾಕುವ ಪಕ್ಕದ ದೊಡ್ಡ ದೋಣಿ ಹತ್ತಿದರು. ಉಳಿದವರಿಗೆ ಅತ್ತೆ ಬಂದರನ್ನು ಎಂದಿನ ಹಾಗೆ ಬೈದು ತೋರಿಸಿ, ದಿಬ್ಬ ಬಂದ ಕೂಡಲೇ ಇಂಜಿನ್ ನಿಲ್ಲಿಸಿ, ಬಾಯಿ ಮುಚ್ಚಿಕೊಂಡು ಕೂರತೊಡಗಿದಳು. ಅದೆಷ್ಟು ಕಷ್ಟವೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಾಗೆ ತೆಪ್ಪಗೆ ಕಾದರೆ ಗಿಳಿಮೀನುಗಳು ತಮ್ಮ ಪಾಡಿಗೆ ತಾವು ಬಂದು ಹವಳ ಕೆರೆಯುತ್ತವೆ. ಹಪ್ಪಳ ಕಡಿದಂಥ ಆ ಸದ್ದು ಗಾಜಿನ ಮೂಲಕವೇ ಕೇಳುತ್ತದೆ. ಕೆಲವರು ಬೆರಗಾಗಿ ಬಗ್ಗುತ್ತಾರೆ, ಕೆಲವರು ನಿದ್ದೆ ಹೋಗುತ್ತಾರೆ.

ಅಧ್ಯಕ್ಷರು ಮಾತ್ರ ಗಾಜಿನ ಹತ್ತಿರ ಮತ್ತೆ ಬರಲಿಲ್ಲ. ಮೊನ್ನೆ, ಹವಳದ ಸಂದಿಯೊಂದರ ನೆರಳಿನಲ್ಲಿ ದಪ್ಪ ತುಟಿ ಅಲ್ಲಾಡಿದ್ದು ಅತ್ತೆಗೆ ಕಂಡಿತು. ಕ್ಯಾಮೆರಾ ಹಿಡಿದಿದ್ದ ಹೆಂಗಸೊಬ್ಬಳು ಅದೇ ಕಡೆಗೆ ಬಗ್ಗುತ್ತಿದ್ದಳು. ಅತ್ತೆ ದಡಕ್ಕನೆ ಎದ್ದು ಆಚೆ ಕೈತೋರಿಸಿ ಕೂಗಿದಳು:

"ಅಲ್ನೋಡಿ, ಅಲ್ನೋಡಿ, ಹಡಗು!"

ಎಲ್ಲರೂ ತಿರುಗಿದರು. ಸಿಮೆಂಟು ಹೊತ್ತ, ತುಕ್ಕು ಹಿಡಿದ ಹಡಗು. ಎಲ್ಲರೂ ಅದರ ಫೋಟೊ ತೆಗೆದುಕೊಂಡರು.