ಅಕ್ಕನ ಪಕ್ಕದ ಮನೆ

ನರಸಿಂಹರಾಜಪುರಕ್ಕೆ ಹೋಗುವ ಕೆಲಸ ಬಂದಾಗಲೆಲ್ಲ ನಾನು ಏನಾದರೂ ನೆಪ ಹೇಳಿ ಯಜಮಾನರನ್ನೇ ಕಳಿಸುತ್ತೇನೆ. ಅವರಿಗೆ ಕಾರಣ ಗೊತ್ತು, ಕೇಳುವುದಿಲ್ಲ. ಆ ಊರಿನಲ್ಲಿ ಅಕ್ಕನ ಮನೆ ಇತ್ತು. ಅದರ ಪಕ್ಕದಲ್ಲಿ ನಮ್ಮದಾಗಬೇಕಿದ್ದ ಮನೆಯೊಂದು ಈಗಲೂ ಇದೆ. ಅದು ಯಾಕೆ ನಮ್ಮದಾಗಲಿಲ್ಲ ಎಂದು ಬರೆಯಲು ಕುಳಿತರೆ ಬೈಯಲು ಒಬ್ಬರೂ ಸಿಗುವುದಿಲ್ಲ. ಸಿಕ್ಕಿದ್ದರೆ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತೇನೋ.

ಅಮ್ಮ ಹೋದಾಗ ನಾನು ಲಂಗ ಉಡುವ ಹುಡುಗಿ. ನನ್ನನ್ನು ಸಾಕಿದವಳು ಅಕ್ಕ. ಮದುವೆಯಾಗಿ ಅವಳು ನರಸಿಂಹರಾಜಪುರಕ್ಕೆ ಹೋದಳು, ಆಮೇಲೆ ನಾನು ಕೊಪ್ಪಕ್ಕೆ ಬಂದೆ. ಅವಳಿಗೆ ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ರವಿಕೆ ಹೊಲಿಯುತ್ತ ಒಬ್ಬಳೇ ಇದ್ದಳು. ಸಕ್ಕರೆ ಕಾಯಿಲೆ ಶುರುವಾಗಿತ್ತು. ಮಾತ್ರೆ ತಗೊಂಡೆಯಾ ಎಂದು ಕೇಳಿದರೆ, "ನಂಗೆಂತ ಆಗಿದೆ, ಗುಂಡುಕಲ್ಲಿನ ಹಾಗಿದೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆಗಷ್ಟೇ ನಮ್ಮ ಕಡೆ ಒಬ್ಬೊಬ್ಬರ ಕೈಗೆ ಮೊಬೈಲ್ ಬರುತ್ತಿತ್ತು. ನಮ್ಮ ಮನೆಯಲ್ಲಿ ಇನ್ನೂ ಗೋಡೆಯ ಪಕ್ಕದ ಫೋನೇ. ಒಂದು ಸಂಕ್ರಾಂತಿಯ ಮರುದಿನ ಅಕ್ಕ ಫೋನ್ ಮಾಡಿದಳು.

"ಏ, ಕೇಳು. ನಮ್ ಪಕ್ಕದ ಮನೆ ಮಾರ್ತಾರಂತೆ. ಬೇರೆಯವ್ರಿಗೆ ಹೇಳ್ಬೇಡಿ, ನನ್ ತಂಗಿ ತಗೋತಾಳೆ ಅಂದಿದೀನಿ."

"ನನ್ನ ಒಂದ್ ಮಾತು ಕೇಳ್ದೇನಾ?"

"ನಿನ್ನ ಎಂತ ಕೇಳದು ಮಾರಾಯ್ತಿ. ನಿಂಗೆ ಲಂಗಕ್ಕೆ ಬಟ್ಟೆ ತರುವಾಗ ಕೇಳಿದ್ನಾ?"

ಯಜಮಾನರಿಗೆ ಮೋಟಾರು ರಿವೈಂಡಿಂಗ್ ಕೆಲಸ. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುತ್ತಾರೆ. ಅವರು ಬೇಡ ಎನ್ನುತ್ತಾರೆಂದು ನಾನು ಹೆದರಿದ್ದೆ. "ಮೋಟಾರ್ ಎಲ್ಲಾ ಊರಲ್ಲೂ ಸುಡುತ್ತೆ" ಎಂದಷ್ಟೇ ಹೇಳಿ ಊಟಕ್ಕೆ ಕುಳಿತರು. ಅಕ್ಕನ ಪಕ್ಕದಲ್ಲಿ ಇರಬೇಕೆಂಬ ನನ್ನ ಆಸೆ ಅವರಿಗೆ ನಾನು ಹೇಳದೆಯೇ ತಿಳಿದಿತ್ತು.

ಕೊಪ್ಪದ ನಮ್ಮ ಮನೆ ಮಾರಿದರೆ ಮಾತ್ರ ಆ ಮನೆ ಕೊಳ್ಳಲು ಸಾಧ್ಯವಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಇವರ ಕೆಲಸದ ಶೆಡ್ಡು. ಹರಿಹರಪುರದ ಕಡೆಯ ಶಾಲೆಯ ಮೇಷ್ಟ್ರೊಬ್ಬರು ಮಕ್ಕಳ ಓದಿಗೆಂದು ಕೊಪ್ಪದಲ್ಲಿ ಮನೆ ಹುಡುಕುತ್ತಿದ್ದರು. ಬಂದರು, ನೋಡಿದರು, ಬಾವಿಯ ನೀರು ಕುಡಿದು ನೋಡಿದರು, ಒಪ್ಪಿದರು. ಸ್ವಲ್ಪ ಮುಂಗಡ ಕೊಟ್ಟರು, ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಸರ್ಕಾರಿ ಸಂಬಳ ಬರುವ ಮೇಷ್ಟ್ರಿಗೆ ಸಾಲ ಸಿಗದೆ ಇನ್ನು ಯಾರಿಗೆ ಸಿಗಬೇಕು ಎಂಬ ಧೈರ್ಯದಿಂದ ನಾವೂ ಅಕ್ಕನ ಪಕ್ಕದ ಮನೆಯವರಿಗೆ ಮುಂಗಡ ಕೊಟ್ಟೆವು.

ಬ್ಯಾಂಕಿನ ಕೆಲಸ ನಿಧಾನವಾಯಿತು. ಜ್ಯೇಷ್ಠ ಬಂತು. ಒಂದು ದಿನ ಮೇಷ್ಟ್ರ ಹೆಂಡತಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಂಕೋಚದಿಂದ ಕೇಳಿದರು.

"ಆಷಾಢ ಹಿಡೀತು ಅಂದ್ರೆ ಒಂದ್ ತಿಂಗ್ಳು ಎಂತದೂ ಮಾಡೋ ಹಂಗಿಲ್ಲ. ಶೃಂಗೇರೀಲಿ ನಮ್ ಪುರೋಹಿತ್ರನ್ನ ಕೇಳಿದ್ವಿ, ಬರೋ ಶುಕ್ರವಾರ ಒಳ್ಳೇದು ಅಂದ್ರು. ಹಾಲು ಮಾತ್ರ ಉಕ್ಕಿಸಿ ಹೋಗ್ತೀವಿ. ಸಾಮಾನು ರಿಜಿಸ್ಟರ್ ಆದ್ಮೇಲೆ ತರ್ತೀವಿ."

ಹೊಸ ಮನೆಯ ಒಲೆಯಲ್ಲಿ ಹಾಲು ಉಕ್ಕಿಸಿದರೆ ಮನೆ ಅವರದಾಯಿತು ಎಂದೇ ಲೆಕ್ಕ. ಕಾಗದ ಆಮೇಲೆ. ನಾನು ಯಜಮಾನರ ಮುಖ ನೋಡಿದೆ. ಹಾಲು ಉಕ್ಕಿಸುತ್ತೇವೆ ಎಂದವರಿಗೆ ಬೇಡ ಎನ್ನುವ ಬಾಯಿ ನಮ್ಮ ಕಡೆ ಯಾರಿಗೂ ಇಲ್ಲ. ಅವರು ಹೂಂ ಎಂದರು.

ಆ ಶುಕ್ರವಾರ ಅಕ್ಕನೂ ಮೊದಲ ಬಸ್ಸಿಗೆ ಬಂದಳು. ನಮ್ಮ ದೇವರ ಪಟಗಳನ್ನು ಗೋಡೆಯಿಂದ ಇಳಿಸಿ ಹಿಂದಿನ ಜಗಲಿಗೆ ಒಯ್ದೆವು. ಮೇಷ್ಟ್ರ ಮನೆಯವರು ಹೊಸ ಪಾತ್ರೆ, ಮಾವಿನೆಲೆ, ಹಾಲು ತಂದರು. ಗ್ಯಾಸ್ ಒಲೆ ಮಾತ್ರ ನಮ್ಮದು. ಸಿಲಿಂಡರ್ ಮುಗಿಯುತ್ತ ಬಂದಿತ್ತು, ಉರಿ ನೀಲಿ ಗೆರೆಯಷ್ಟೇ ಇತ್ತು. ಎಲ್ಲರೂ ಪಾತ್ರೆಯನ್ನೇ ನೋಡುತ್ತ ನಿಂತೆವು. ಹಾಲು ಮೇಲೆ ಬರಲಿಲ್ಲ.

"ಹಾಲಿಗೂ ಲೋನ್ ಪಾಸಾಗ್ಬೇಕೋ ಏನೋ" ಎಂದಳು ಅಕ್ಕ.

ಮೇಷ್ಟ್ರೇ ಮೊದಲು ನಕ್ಕರು. ಯಜಮಾನರು ಸಿಲಿಂಡರನ್ನು ಓರೆ ಮಾಡಿ ಹಿಡಿದರು. ಹಾಲು ಉಕ್ಕಿ ಪೂರ್ವಕ್ಕೆ ಹರಿಯಿತು. ಬಹಳ ಒಳ್ಳೆಯದು ಎಂದು ಮೇಷ್ಟ್ರ ಹೆಂಡತಿ ಕೈಮುಗಿದರು. ಸಕ್ಕರೆ ಹಾಕಿದ ಹಾಲನ್ನು ನಮ್ಮ ಮನೆಯಲ್ಲೇ ನಮಗೆ ಕೊಟ್ಟರು. ನಾವು ನೆಂಟರ ಹಾಗೆ ಗೋಡೆಗೆ ಒರಗಿ ಕುಡಿದೆವು. ಅಂದಿನಿಂದ ನಾನು ಆ ಅಡುಗೆಮನೆಯಲ್ಲಿ ಒಲೆ ಹಚ್ಚಲಿಲ್ಲ. ಹಿಂದಿನ ಜಗಲಿಯಲ್ಲೇ ಬೇಯಿಸಿದೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ, ನನಗೇ ಅದು ಇನ್ನೊಬ್ಬರ ಒಲೆ ಎನಿಸಿತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರು ಒಬ್ಬರೇ ಬಂದರು. ಒಳಗೆ ಕರೆದರೂ ಬರದೆ ಶೆಡ್ಡಿನ ಸ್ಟೂಲಿನ ಮೇಲೆ ಕುಳಿತರು. ಯಜಮಾನರು ತಂತಿ ಸುತ್ತುತ್ತಲೇ ಕೇಳಿದರು.

"ಎಂತ ಮೇಷ್ಟ್ರೇ, ರಿಜಿಸ್ಟರಿಗೆ ದಿನ ನೋಡಿದ್ರಾ?"

"ದಿನ ಎಲ್ಲಿಗೂ ಹೋಗಲ್ಲ ಮಾರಾಯ್ರೇ. ಸಾಲ ಆಗ್ಲಿಲ್ಲ."

ಸಾಲ ಕೊಡುವ ಬ್ಯಾಂಕಿನವರು, ಸುತ್ತಲಿನ ಬೇರೆ ಬ್ಯಾಂಕುಗಳಲ್ಲಿ ಬಾಕಿ ಇಲ್ಲವೆಂದು ಬರೆಸಿ ತರಲು ಹೇಳಿದ್ದರಂತೆ. ಮೇಷ್ಟ್ರದು ಒಂದು ಪೈಸೆ ಸಾಲವೂ ಇರಲಿಲ್ಲ. ಆದರೆ ಹೆಂಡತಿಯ ತಮ್ಮ ಸಾಲ ಮಾಡಿ ಜೀಪು ಕೊಳ್ಳುವಾಗ ಮೇಷ್ಟ್ರು ಜಾಮೀನು ಹಾಕಿದ್ದರು. ಅವನು ಕಂತು ಕಟ್ಟುವುದನ್ನು ಯಾವಾಗಲೋ ಬಿಟ್ಟಿದ್ದ. ಆ ಬ್ಯಾಂಕು ಬರೆದುಕೊಡಲಿಲ್ಲ, ಈ ಬ್ಯಾಂಕು ಸಾಲ ಕೊಡಲಿಲ್ಲ.

"ಜೀಪ್ ಮಾರಿದ್ರೆ?" ಎಂದರು ಇವರು.

"ಮೇಗುಂದದ ಹತ್ರ ಒಬ್ರ ಹಿತ್ತಲಲ್ಲಿ ನಿಂತಿದೆ. ಗಾಲಿನೂ ಇಲ್ಲ, ಅದ್ರೊಳಗೆ ಕೋಳಿ ಮೊಟ್ಟೆ ಇಡುತ್ತೆ." ಆಮೇಲೆ ಅವರೇ ಹೇಳಿದರು: "ಹಳ್ಳಿಲಿ ಮೇಷ್ಟ್ರ ಸೈನ್ ಅಂದ್ರೆ ದೇವಸ್ಥಾನದ ಗಂಟೆ ಇದ್ದಂಗೆ. ಬಂದೋರೆಲ್ಲ ಹೊಡ್ದು ಹೋಗ್ತಾರೆ. ಬಾಮೈದನಿಗೆ ಇಲ್ಲ ಅನ್ನೋದು ಹೆಂಗೆ?"

ನಾನು ಕಾಫಿ ತಂದೆ. ಅವರು ಲೋಟ ಮುಟ್ಟಲಿಲ್ಲ. ಕರಾರಿನ ಪ್ರಕಾರ ಅವರ ಮುಂಗಡ ನಮ್ಮಲ್ಲೇ ಉಳಿಯಬೇಕಿತ್ತು. ಯಜಮಾನರು ತಿರುಗಿ ಕೊಟ್ಟರು. ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಆ ಮುಖ ನೋಡಿ ಇಟ್ಟುಕೊಳ್ಳಲು ಆಗಲಿಲ್ಲ, ಅಷ್ಟೇ.

ಬೇರೆಯವರಿಗೆ ಮಾರೋಣ ಎಂದುಕೊಂಡೆವು. ಆಗ ಆ ಹಾಲು ಅಡ್ಡ ಬಂತು. ನೋಡಲು ಬಂದವರು ಒಳಗೆಲ್ಲ ಓಡಾಡಿ ಮೆಚ್ಚುತ್ತಿದ್ದರು. ಆಚೆ ಹೋಗಿ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ. ಕೊನೆಗೆ ಅವರನ್ನು ಕರೆತರುತ್ತಿದ್ದ ದಲ್ಲಾಳಿಯೇ ಬಾಯಿಬಿಟ್ಟ.

"ಎಂತ ಮಾಡದು ಅಮ್ಮ. ಹಾಲುಕ್ಕಿಸಿದೋರೇ ಬಿಟ್ಟುಹೋದ ಮನೆ ಅಂತಾರೆ. ಎಂತದೋ ಕಂಡಿರ್ಬೇಕು ಅವರಿಗೆ ಅಂತ."

"ದುಡ್ಡು ಆಗ್ಲಿಲ್ಲ ಅಂತ ಹೇಳಿ."

"ಹೇಳ್ದೆ. ಸರ್ಕಾರಿ ಮೇಷ್ಟ್ರಿಗೆ ದುಡ್ಡಾಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

ಮೇಷ್ಟ್ರ ಜಾಮೀನಿನ ವಿಷಯ ಊರಿಗೆ ಹೇಳಿ ಅವರ ಮಾನ ಕಳೆಯಲು ಇವರು ಒಪ್ಪಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಅಕ್ಕನ ಪಕ್ಕದ ಮನೆಯವರು ದೀಪಾವಳಿಯವರೆಗೆ ಕಾದರು. ಒಳ್ಳೆಯ ಜನ. ನಮ್ಮ ಮುಂಗಡವನ್ನು ಹಿಂದಕ್ಕೆ ಕೊಟ್ಟು, ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿಗೂ ಅವಳ ಗಂಡನಿಗೂ ಮನೆ ಮಾರಿದರು.

"ಹೋಗ್ಲಿ ಬಿಡೇ" ಎಂದಳು ಅಕ್ಕ ಫೋನಿನಲ್ಲಿ. "ದಿನಾ ನಿನ್ ಮುಖ ನೋಡೋದು ತಪ್ತು. ಬಸ್ಸಿದೆಯಲ್ಲ, ಬಾ."

ಬಸ್ಸು ಇತ್ತು. ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗ ಅವಳು ಕಿಟಕಿಯ ಬಳಿ ಚಾಪೆಯ ಮೇಲೆ ಕುಳಿತು, ಸೀರೆಯನ್ನು ಪಾದದ ಮೇಲೆ ಎಳೆದುಕೊಂಡು, ರವಿಕೆಗೆ ಹುಕ್ಕು ಹೊಲಿಯುತ್ತಿರುತ್ತಿದ್ದಳು. ಹೊಲಿಗೆ ಮಿಷನ್ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. "ಕಾಫಿ ನೀನೇ ಮಾಡು, ನಿನ್ ಕೈ ಕಾಫಿ ಕುಡಿದು ಎಷ್ಟ್ ದಿನ ಆತು" ಎನ್ನುತ್ತಿದ್ದಳು. ನಾನು ಅದನ್ನು ಪ್ರೀತಿ ಎಂದೇ ತಿಳಿದೆ. ಪ್ರೀತಿಯೂ ಇತ್ತು. ಕಾಫಿ ಮಾಡಿದೆ, ಅಡುಗೆ ಮಾಡಿದೆ, ಸಂಜೆಯ ಬಸ್ಸಿಗೆ ಹೊರಟೆ. ಅವಳು ಕುಳಿತಲ್ಲಿಂದಲೇ ಹೋಗಿ ಬಾ ಎಂದಳು. ಮರುವರ್ಷ ಮಳೆ ಶುರುವಾದ ಮೇಲೆ, "ಈ ಮಳೇಲಿ ಬರ್ಬೇಡ, ಕಡಿಮೆ ಆಗ್ಲಿ" ಎಂದು ಅವಳೇ ತಡೆದಳು.

ಅವಳ ಪಾದದಲ್ಲಿ ಚಪ್ಪಲಿ ಕಚ್ಚಿ ಆದ ಗಾಯವಂತೆ. ಸಕ್ಕರೆ ಇದ್ದವಳಿಗೆ ಅದು ಮಾಗಲಿಲ್ಲ, ನೋವೂ ಹೆಚ್ಚು ಗೊತ್ತಾಗಲಿಲ್ಲ. ಯಾರಿಗೂ ತೋರಿಸದೆ ಅರಿಸಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದಳು. ಜ್ವರ ಏರಿ ಶಿವಮೊಗ್ಗದ ಆಸ್ಪತ್ರೆಗೆ ಒಯ್ದಾಗ ಕಾಲು ಮಂಡಿಯವರೆಗೆ ಕಪ್ಪಾಗಿತ್ತು. ಡಾಕ್ಟರು ನನ್ನ ಕಡೆ ತಿರುಗಿ, ಇಷ್ಟು ದಿನ ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಕೇಳಿದರು. ಮನೆಯಲ್ಲಿ ಯಾರೂ ಇಲ್ಲ ಎಂದೆ. ವಾರ ಕಳೆಯುವುದರೊಳಗೆ ಅಕ್ಕ ಹೋದಳು.

ಕ್ರಿಯೆಯೆಲ್ಲ ಮುಗಿದ ಮೇಲೆ ಪಾತ್ರೆ ತೊಳೆದು ಜಗಲಿಯಲ್ಲಿ ಕುಳಿತಿದ್ದೆ. ಪಕ್ಕದ ಮನೆಯ ಆ ಹುಡುಗಿ ಬಂದಳು. ಆ ದಿನಗಳಲ್ಲೆಲ್ಲ ನಮಗೆ ಕಾಫಿ, ನೀರು ತಂದುಕೊಟ್ಟವಳು ಅವಳು. ಏನೋ ಹೇಳಬೇಕು ಎಂಬಂತೆ ಕಂಬ ಹಿಡಿದು ನಿಂತಳು.

"ದಿನಾ ನೋಡ್ತಿದ್ವಿ ಅಕ್ಕ. ಒಂದ್ ಕಾಲು ಎಳೆದು ನಡೀತಿದ್ರು. ನಾವು ಈ ಮನೆಗೆ ಬಂದಾಗಿಂದ್ಲೂ ಹಂಗೇ. ಅವರ ನಡಿಗೆನೇ ಹಂಗೆ ಅಂದ್ಕೊಂಡ್ವಿ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಕಂಡದ್ದನ್ನು ಹೇಳಿದ್ದಳು.

"ಇಲ್ಲ ಕಣಮ್ಮ" ಎಂದೆ. "ಅವಳು ಭಾರೀ ಜೋರು ನಡೆಯೋಳು. ಸಂತೆಗೆ ಹೋದ್ರೆ ನಾನು ಹಿಂದೆ ಓಡ್ಬೇಕಿತ್ತು. ತಿರುವಲ್ಲಿ ನಿಂತು ಬೈಯೋಳು, ಎಂತದೇ ಇರುವೆ ಮೆರವಣಿಗೆ ಬರ್ತಿದೀಯಾ ಅಂತ."

ಹುಡುಗಿ ಸಣ್ಣಗೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅದನ್ನ ನಾವು ನೋಡ್ಲೇ ಇಲ್ಲ" ಎಂದಳು.