ಆರು ದಿನ, ಎಂಟು ಊರು

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಎನ್‌ಕ್ವೈರಿ ಕಿಟಕಿಯ ಹಿಂದೆ ಬಸವಲಿಂಗಪ್ಪನವರು ಕೂತು ಮೂವತ್ನಾಲ್ಕು ವರ್ಷವಾಗಿತ್ತು. ಮೂಲ ಲಿಂಗಸೂಗೂರು ಕಡೆಯವರು. ಕಟ್ಟಡದ ಕೆಲಸಕ್ಕೆಂದು ಬಂದ ಯಾದಗಿರಿ, ರಾಯಚೂರಿನ ಹೆಂಗಸರು ಕಿಟಕಿಯ ಮುಂದೆ ನಿಂತು ಬಾರದ ತೆಲುಗಿನಲ್ಲಿ ತಡವರಿಸಿದರೆ, ‘ಕನ್ನಡದಾಗ ಕೇಳವ್ವ, ನಿನ್ನ ತೆಲುಗು ಕೇಳಿ ಗಾಡೀನ ಹೆದರಿ ಓಡಿ ಹೋದೀತು’ ಎನ್ನುತ್ತಿದ್ದರು. ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು, ನಡುವೆ ಸಿಗುವ ಎರಡು ತಾಸಿನಲ್ಲಿ ಯಾವ ಗುಡಿ ನೋಡಿ ಬರಬಹುದು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಕೇಳಿದವರಿಗೆ ಹೇಳುತ್ತಿದ್ದರು, ಕೇಳದವರನ್ನು ಕರೆದೂ ಹೇಳುತ್ತಿದ್ದರು. ಹಿಂದೆ ನಿಂತ ಸಾಲು ಬೈದುಕೊಂಡರೆ ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ.

ಇಂಥ ಮನುಷ್ಯನಿಗೆ ನಿವೃತ್ತಿಗೆ ಒಂದು ತಿಂಗಳಿರುವಾಗ ದಿಕ್ಕು ತಪ್ಪಿತು.

ಮಾದಾಪುರದ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಮಗಳು ದೀಪ್ತಿ ಅಂಥದ್ದೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಗೆಳತಿಯರ ಜೊತೆ ಮಿಯಾಪುರದಲ್ಲಿ ಮನೆ ಮಾಡಿದ್ದಳು. ಒಂದು ಭಾನುವಾರ ನಿಂಬೋಳಿ ಅಡ್ಡಾದ ಮನೆಗೆ ಬಂದವಳು ಊಟಕ್ಕೆ ಕೂತಾಗ ಹೇಳಿದಳು.

“ಅಪ್ಪಾ, ನಿಮ್ಮ ರಿಟೈರ್‌ಮೆಂಟಿಗೆ ನನ್ನ ಕಡಿಂದ ಫಾರಿನ್ ಟೂರ್. ಆರು ದಿನ. ನೀವು, ಅವ್ವ, ಇಬ್ಬರ. ಯಾವ ಊರು ಅಂತ ನೀವ ಆರಿಸ್ರಿ. ಶನಿವಾರದೊಳಗ ಊರು, ಹೆಸರು ಎರಡೂ ಟ್ರಾವೆಲ್ಸಿನ ಅಂಬಾದಾಸ ಅಣ್ಣಗ ಹೇಳಿಬಿಡ್ರಿ.”

ಬಸವಲಿಂಗಪ್ಪನವರ ಮುಖ ಅರಳಿತು. ತುತ್ತು ಕೈಯಲ್ಲೇ ಉಳಿಯಿತು. ಆಗ ಅಡುಗೆಮನೆಯಿಂದ ಹೆಂಡತಿ ಸುವರ್ಣಮ್ಮನ ದನಿ ಬಂತು.

“ನೀವು ತಂದಿ ಮಗಳು ಹೋಗಿ ಬರ್ರಿ. ನಾ ಒಲ್ಲೆ.”

ಮದುವೆಯಾಗಿ ಮೂವತ್ತೊಂದು ವರ್ಷ. ರೈಲ್ವೆ ನೌಕರನಿಗೆ ವರ್ಷವರ್ಷವೂ ಬಿಟ್ಟಿ ಪಾಸು. ಒಂದು ಪಾಸು ವ್ಯರ್ಥವಾದರೂ ಬಸವಲಿಂಗಪ್ಪನವರಿಗೆ ಅನ್ನ ಸೇರುತ್ತಿರಲಿಲ್ಲ. ಕಾಶಿ, ಉಜ್ಜಯಿನಿ, ರಾಮೇಶ್ವರ, ಸೋಮನಾಥ, ಎಲ್ಲ ಕಡೆಗೂ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದರು. ಹೋದ ದಾರಿಯಲ್ಲಿ ತಿರುಗಿ ಬರಬಾರದೆಂಬುದು ಅವರ ನೇಮ. ಬರುವಾಗ ಬೇರೆ ದಾರಿ ಹಿಡಿದರೆ ಇನ್ನೂ ನಾಲ್ಕು ಊರು ಲಾಭ. ಸುವರ್ಣಮ್ಮ ಒಂದು ಸಲವಾದರೂ ಒಲ್ಲೆ ಅಂದವರಲ್ಲ. ರೊಟ್ಟಿ ಕಟ್ಟಿಕೊಂಡು, ಹಾಸಿಗೆ ಸುತ್ತಿಕೊಂಡು ಹಿಂದೆ ಹೊರಟುಬಿಡುತ್ತಿದ್ದರು.

“ಯಾಕ?” ಎಂದು ಬಸವಲಿಂಗಪ್ಪನವರು ಕೇಳಿದರು.

“ಸುಮ್ನ.”

ಮೂವತ್ನಾಲ್ಕು ವರ್ಷ ಪ್ರಶ್ನೆಗೆ ಉತ್ತರ ಕೊಟ್ಟೇ ಬದುಕಿದ ಮನುಷ್ಯ, ಹೆಂಡತಿಯ ಈ ಒಂದು ಉತ್ತರ ಕೇಳಿ ಕಕ್ಕಾಬಿಕ್ಕಿಯಾದರು. ರಾತ್ರಿಯೆಲ್ಲ ಹೊರಳಾಡಿ ಬೆಳಗಿನ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದರು. ಇದು ಊರಿನ ಪ್ರಶ್ನೆ. ಸರಿಯಾದ ಊರು ಸೇರಿಸಿದರೆ ಆಕೆ ತಾನಾಗಿ ಹೊರಡುತ್ತಾಳೆ. ಅವರಿಗೆ ಗೊತ್ತಿದ್ದ ಔಷಧ ಅದೊಂದೇ.

ಸೋಮವಾರ ಸ್ಟೇಷನ್ನಿನಲ್ಲಿ ಟಿಕೆಟ್ ಕಲೆಕ್ಟರ್ ಮಾಣಿಕಪ್ಪನನ್ನು ಹಿಡಿದು ಸಿಂಗಾಪುರ ಹೇಗೆ ಎಂದು ಕೇಳಿದರು. ಮಾಣಿಕಪ್ಪ ಒಮ್ಮೆ ಬ್ಯಾಂಕಾಕಿಗೆ ಹೋಗಿ ಬಂದವನು, ಆಮೇಲೆ ಯಾವ ಮಾತು ಶುರುವಾದರೂ ಅಲ್ಲಿಗೇ ತಂದು ನಿಲ್ಲಿಸುವವನು.

“ಸಿಂಗಾಪುರಕ್ಕ ಯಾಕ ಹೋಗ್ತೀರಿ ಸಾಹೇಬ್ರ? ನಮ್ಮ ಹೈಟೆಕ್ ಸಿಟಿ ಇದ್ದಂಗ ಐತಿ. ಬ್ಯಾಂಕಾಕ್ ನೋಡ್ರಿ, ಬ್ಯಾಂಕಾಕ್!”

ಆದರೆ ಎದುರು ಮನೆಯ ಪ್ರೇಮಾ ಬಾಯಿಯವರ ಪ್ರಕಾರ ಬ್ಯಾಂಕಾಕಿನಲ್ಲಿ ಲಿಂಗವಂತರ ಬಾಯಿಗೆ ಬೀಳುವಂಥದ್ದು ಏನೂ ಸಿಗುವುದಿಲ್ಲ, ಸಿಂಗಾಪುರವಾದರೆ ಇಡ್ಲಿಗೆ ಬರವಿಲ್ಲ. ಇಬ್ಬರ ಮಾತೂ ಸರಿ ಅನ್ನಿಸಿತು. ಇಬ್ಬರದೂ ತಪ್ಪಿರಬಹುದು ಅಂತಲೂ ಅನ್ನಿಸಿತು. ಎರಡನ್ನೂ ಬರೆದುಕೊಂಡರು.

ಮಂಗಳವಾರ ಭೂಪಟ ತೆಗೆದು ನೋಡಿದರೆ ಏನು ಹೇಳುವುದು! ಸಿಂಗಾಪುರದಿಂದ ಬ್ಯಾಂಕಾಕಿನವರೆಗೆ ಸಮುದ್ರದ ಬದಿ ಹಿಡಿದು ರೈಲು ಹಳಿ ಇತ್ತು. ಹಳಿ ಇದ್ದ ಮೇಲೆ ನಡುವಿನ ಊರುಗಳನ್ನು ಬಿಡುವುದು ಹೇಗೆ? ಕೌಲಾಲಂಪುರದ ಹತ್ತಿರ ಗುಡ್ಡದ ಮೇಲೆ ಸುಬ್ರಹ್ಮಣ್ಯನ ಗುಡಿ ಇದೆ, ಆಕೆಗೆ ಗುಡಿ ಇಷ್ಟ. ಬೆಟ್ಟದ ಮೇಲಿನ ಗೆಂಟಿಂಗ್ ತಂಪು, ಆಕೆಗೆ ಸೆಕೆ ಆಗದು. ಪೆನಾಂಗಿನಲ್ಲಿ ಸಮುದ್ರ, ರಾಮೇಶ್ವರದಲ್ಲಿ ಆಕೆ ಸಮುದ್ರದ ಮುಂದೆ ನಿಂತಿದ್ದು ನೆನಪಿತ್ತು. ಮಲಾಕ್ಕಾ, ಇಪೋ, ಹಾಟ್ ಯಾಯ್ ಮೂರೂ ದಾರಿಯಲ್ಲೇ ಸಿಗುವಂಥವು. ಒಂದೊಂದಾಗಿ ಸೇರಿ ಶುಕ್ರವಾರದ ಹೊತ್ತಿಗೆ ಎಂಟು ಊರಾಯಿತು.

ಪ್ರತಿ ಸಂಜೆ ಚಹಾದ ಹೊತ್ತಿಗೆ ಹೊಸ ಊರನ್ನು ಸೇರಿಸಿ ಹೆಂಡತಿಯ ಮುಂದೆ ಓದುತ್ತಿದ್ದರು. ಬೆಳಗ್ಗೆ ಐದಕ್ಕೆ ಎದ್ದರೆ ಇಲ್ಲಿ, ಹತ್ತಕ್ಕೆ ಅಲ್ಲಿ, ಊಟ ಗಾಡಿಯಲ್ಲಿ.

“ಭಾಳ ಛಲೋ ಐತ್ರಿ. ನೀವು ಹೋಗಿ ಬರ್ರಿ,” ಎನ್ನುತ್ತಿದ್ದರು ಸುವರ್ಣಮ್ಮ.

ಊರು ಹೆಚ್ಚಿದಷ್ಟೂ ಅವರ ಮುಖ ಸಪ್ಪಗಾಗುತ್ತಿತ್ತು. ಬಸವಲಿಂಗಪ್ಪನವರು ಅದನ್ನು ಕಂಡು ಗಾಬರಿಯಾಗಿ ಇನ್ನೊಂದು ಊರು ಹುಡುಕುತ್ತಿದ್ದರು. ಕೋಪ ಮಾಡಿಕೊಳ್ಳಲು ಆಕೆ ಏನೂ ಬೈದಿರಲಿಲ್ಲ. ಸಮಾಧಾನ ಮಾಡೋಣವೆಂದರೆ ಆಕೆ ಅತ್ತಿರಲಿಲ್ಲ. ಗುರುವಾರ ಕಿಟಕಿಯಲ್ಲಿ ಒಬ್ಬ ಮುದುಕ ಗುಂತಕಲ್ಲಿಗೆ ಗಾಡಿ ಕೇಳಿದರೆ ಇಪೋಗೆ ಹೋಗುವ ದಾರಿ ಹೇಳಲು ಹೊರಟು ನಾಲಿಗೆ ಕಚ್ಚಿಕೊಂಡರು.

ಶುಕ್ರವಾರ ಸಂಜೆ ತಲೆ ಪೂರಾ ಕೆಟ್ಟಿತ್ತು. ಹಾಳೆ ಮಡಿಚಿಟ್ಟು ಹೆಂಡತಿಯ ಮುಂದೆ ಕೂತರು. ಹೊಸ ಉಪಾಯವೊಂದು ಹೊಳೆದಿತ್ತು. ಹಿಂದೆ ಯಾವ ಊರು ಹಿಡಿಸಿತ್ತು ಅಂತ ಕೇಳಿದರೆ, ಅಂಥದ್ದನ್ನೇ ಹುಡುಕಬಹುದಲ್ಲ?

“ನಾ ಇಷ್ಟೆಲ್ಲ ತಿರಗಿಸೀನಿ. ಅದರಾಗ ನಿನಗ ಭಾಳ ಸೇರಿದ ಊರು ಯಾವುದು? ಖರೇ ಹೇಳು.”

ಕಾಶಿ ಅಂದಾಳು, ಇಲ್ಲವೇ ರಾಮೇಶ್ವರ ಅಂದಾಳು ಎಂದುಕೊಂಡಿದ್ದರು.

“ಮನ್ಮಾಡ,” ಎಂದರು ಸುವರ್ಣಮ್ಮ.

“ಮನ್ಮಾಡ? ಅಲ್ಲಿ ಏನ್ ನೋಡೀವಿ ನಾವು? ಗಾಡಿ ಬದಲಿ ಮಾಡಾಕ ಇಳಿದಿದ್ವಿ ಅಷ್ಟ!”

“ಗಾಡಿ ಒಂಬತ್ತು ತಾಸು ಲೇಟ್ ಇತ್ತಲ್ರಿ.”

ಆ ದಿನ ಬಸವಲಿಂಗಪ್ಪನವರಿಗೆ ಚೆನ್ನಾಗಿ ನೆನಪಿತ್ತು. ತ್ರ್ಯಂಬಕೇಶ್ವರ ಮುಗಿಸಿ ಘೃಷ್ಣೇಶ್ವರಕ್ಕೆ ಹೊರಟವರು ಮನ್ಮಾಡದಲ್ಲಿ ಸಿಕ್ಕಿಬಿದ್ದಿದ್ದರು. ಸ್ಟೇಷನ್ ಮಾಸ್ತರರ ಕೋಣೆಗೆ ಹತ್ತು ಸಲ ಹೋಗಿ ಜಗಳ ಮಾಡಿದ್ದರು. ಘೃಷ್ಣೇಶ್ವರ ತಪ್ಪಿಯೇ ಹೋಯಿತು. ಅದಕ್ಕಾಗಿ ಹೈದರಾಬಾದು ಮುಟ್ಟುವವರೆಗೂ ಹೆಂಡತಿಯ ಮುಂದೆ ಹಳಹಳಿಸಿದ್ದರು.

“ಲೇಡೀಸ್ ವೇಟಿಂಗ್ ರೂಮಿನ್ಯಾಗ ಉದ್ದನ್ನ ಕುರ್ಚಿ ಇತ್ತು,” ಸುವರ್ಣಮ್ಮ ಹೇಳುತ್ತ ಹೋದರು. “ತಲಿ ತೊಳಕೊಂಡೆ. ಕೂದಲಾ ಬಿಚ್ಚಿ ಆರಾಕ ಬಿಟ್ಟೆ. ನಾಸಿಕ ಕಡೆಯಾಕಿ ಒಬ್ಬಾಕಿ ಪೇರಲಹಣ್ಣು ಹೆಚ್ಚಿ, ಉಪ್ಪು ಖಾರ ಹಚ್ಚಿ ಕೊಟ್ಳು. ಆಕಿ ಭಾಷಾ ನನಗ ಅರ್ಧಾ ತಿಳೀತು, ನನ್ನದು ಆಕಿಗೆ ಅಷ್ಟೂ ತಿಳೀಲಿಲ್ಲ. ಆದ್ರೂ ಮಾತಾಡಿದ್ವಿ. ಆಮ್ಯಾಲ ಮಲಗಿದೆ. ಎಂಥಾ ನಿದ್ದಿ ಹತ್ತಿತ್ತು ಅಂತೀರಿ! ಎದ್ದಾಗ ಗಂಟಿ ಎಷ್ಟಾತು ಅಂತ ಕೇಳಬೇಕು ಅನಸಲಿಲ್ಲ.”

“ಆವಾಗ ನಾ ಎಲ್ಲಿದ್ದೆ?”

“ನೀವು ಹೊರಗಿದ್ರಿ. ಗಂಡಸ್ರು ಒಳಗ ಬರಂಗಿರಲಿಲ್ಲ.”

ಈ ಮಾತನ್ನು ಅವರು ಚುಚ್ಚಲೆಂದು ಹೇಳಲಿಲ್ಲ. ಅದಕ್ಕೇ ಬಸವಲಿಂಗಪ್ಪನವರಿಗೆ ಜಾಸ್ತಿ ನಾಟಿತು. ಸಿಟ್ಟು ಬಂತು, ನಾಚಿಕೆಯೂ ಆಯಿತು, ಯಾವುದು ಮೊದಲು ಬಂತೆಂದು ತಿಳಿಯಲಿಲ್ಲ. ಮೂವತ್ತೊಂದು ವರ್ಷ ಆಕೆಗೆ ದೇಶ ತೋರಿಸಿದ್ದೇನೆಂದು ಬೀಗಿದ್ದರು. ಆಕೆ ನೋಡಿದ್ದು ಹಾಸಿಗೆ ಸುತ್ತುವುದು, ಬಿಚ್ಚುವುದು, ‘ನಡಿ ನಡಿ’ ಎನ್ನುವ ಗಂಡನ ಬೆನ್ನು. ರಾಮೇಶ್ವರದಲ್ಲಿ ಸಮುದ್ರದ ಮುಂದೆ ನಿಂತವಳನ್ನು ಕಾಲು ಗಂಟೆಯಲ್ಲಿ ಕರೆದುಕೊಂಡು ಬಂದವರು ಇವರೇ, ಮದುರೈ ಗಾಡಿ ತಪ್ಪುತ್ತದೆಂದು. ಇದನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ? ಹೇಳಿದ್ದರೆ ಕೇಳುತ್ತಿದ್ದೆನೇ? ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಸುಮ್ಮನೆ ಅಲೆದು ಬಂದರು.

ಶನಿವಾರ ಬೆಳಗ್ಗೆ ಹಿಮಾಯತ್‌ನಗರಕ್ಕೆ, ಅಂಬಾದಾಸನ ಟ್ರಾವೆಲ್ಸ್ ಅಂಗಡಿಗೆ ಹೋದರು. ಅಂಬಾದಾಸ ಬೀದರ ಕಡೆಯ ಹುಡುಗ, ಮಾತಿನ ಮಲ್ಲ.

“ಒಂದ ಊರು ಸಾಕು,” ಎಂದರು ಬಸವಲಿಂಗಪ್ಪನವರು.

“ಆರು ದಿನಕ್ಕ ಒಂದ ಊರಾ ಕಾಕಾ? ಹನಿಮೂನಿಗೆ ಹೋದೋರು ಸುದ್ದಾ ನಾಲ್ಕನೇ ದಿನ ಫೋನ್ ಮಾಡ್ತಾರ, ಇನ್ನೇನೈತಿ ನೋಡಾಕ ಅಂತ! ಹೋಗಲಿ, ಯಾವ ಊರು?”

ಇಲ್ಲಿ ಬಂದು ಮತ್ತೆ ಸಿಕ್ಕಿಕೊಂಡರು. ಎಂಟು ಊರು ಕೂಡಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು, ಏಳನ್ನು ಹೊಡೆದುಹಾಕುವುದು ಪ್ರಾಣಸಂಕಟ. ಎಲ್ಲಿಂದ ಎಲ್ಲಿಗೆ ಎಂದು ಕೇಳಿದವರು ಸಾವಿರಾರು. ಕೂರುವುದಕ್ಕೆ ಯಾವ ಊರು ಒಳ್ಳೆಯದು ಅಂತ ಇದುವರೆಗೆ ಯಾರೂ ಕೇಳಿರಲಿಲ್ಲ. ಕೊನೆಗೆ ತಮಗೇ ಪರಿಚಯವಿಲ್ಲದ ದನಿಯಲ್ಲಿ ಕೇಳಿದರು.

“ಎಲ್ಲಿ ರೂಮಿನ ಮುಂದ ಕುಂದ್ರಾಕ ಜಾಗ ಐತಿ?”

ಅಂಬಾದಾಸ ಹಲ್ಲು ಬಿಡುವುದನ್ನು ನಿಲ್ಲಿಸಿ ಕಂಪ್ಯೂಟರಿನಲ್ಲಿ ಹುಡುಕಿದ. ಪೆನಾಂಗಿನಲ್ಲಿ ಒಂದು ಹಳೆಯ ಸಣ್ಣ ಹೋಟೆಲು ಸಿಕ್ಕಿತು. ರೂಮಿನ ಮುಂದೆ ವರಾಂಡ, ವರಾಂಡದ ಮುಂದೆ ಸಮುದ್ರ, ಎರಡು ಓಣಿ ದಾಟಿದರೆ ತಮಿಳರ ಸಸ್ಯಾಹಾರಿ ಮೆಸ್ಸು.

“ಇದನ್ನ ಮಾಡು. ಹೆಸರು ಒಂದೋ ಎರಡೋ ಸಂಜಿಗೆ ಹೇಳ್ತೀನಿ.”

“ನಡುವ ಬ್ಯಾಸರಾದ್ರ ಹೇಳ್ರಿ ಕಾಕಾ. ಲಾಂಚ್ ಹತ್ತಿ ಆಚಿ ದಂಡಿಗೆ ಹೋದ್ರ ಸ್ಟೇಷನ್ ಐತಿ, ದಿನಾ ಮಧ್ಯಾಹ್ನ ಬ್ಯಾಂಕಾಕಿಗೆ ಗಾಡಿ ಬಿಡ್ತದ.”

ಆ ಗಾಡಿ ಗೊತ್ತಿಲ್ಲದ್ದೇನಲ್ಲ. ಎಷ್ಟು ಹೊತ್ತಿಗೆ ಬಿಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಲ್ಲ ಬಾಯಿಪಾಠವಾಗಿತ್ತು. ಒಂದೇ ಒಂದು ರಾತ್ರಿಯ ದಾರಿ. ಮನೆಗೆ ಬರುವ ಆಟೋದಲ್ಲಿ ಎರಡು ಸಲ ಆ ಗಾಡಿ ಹತ್ತಿದರು, ಎರಡು ಸಲ ಇಳಿದರು.

ಸುವರ್ಣಮ್ಮ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು.

“ಏನಾತು?”

“ಪೆನಾಂಗ್.”

“ಮತ್ತ?”

“ಮತ್ತೇನಿಲ್ಲ. ಅದೊಂದ. ಆರೂ ದಿನ.”

ಸುವರ್ಣಮ್ಮನ ಕೈ ನಿಂತಿತು. ಗಂಡನಿಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದರು. ಆಮೇಲೆ ಬಹಳ ಸಾವಕಾಶ, ಕಿಟಕಿಯ ಮುಂದೆ ನಿಂತ ಪ್ರಯಾಣಿಕರ ಹಾಗೆ ಕೇಳಿದರು.

“ಅಲ್ಲಿಂದ ಮುಂದ ಎಲ್ಲಿಗರ ಗಾಡಿ ಐತೇನ್ರಿ?”

ಲಾಂಚು, ಆಚೆ ದಂಡೆ, ಸ್ಟೇಷನ್ನು, ಮಧ್ಯಾಹ್ನದ ಗಾಡಿ, ಎಲ್ಲ ಒಟ್ಟಿಗೇ ಬಸವಲಿಂಗಪ್ಪನವರ ಬಾಯಿಗೆ ನುಗ್ಗಿ ಬಂದವು. ಬೇರೆ ಯಾರು ಕೇಳಿದ್ದರೂ ಹೇಳಿಬಿಡುತ್ತಿದ್ದರು.

“ಇಲ್ಲ,” ಎಂದರು. “ಅದು ದ್ವೀಪ. ಎಲ್ಲಿಗೂ ಗಾಡಿ ಇಲ್ಲ.”

ಸುವರ್ಣಮ್ಮ ಮತ್ತೆ ಮೆಂತ್ಯೆ ಸೊಪ್ಪಿಗೆ ಕೈ ಹಾಕಿದರು. ನಂಬಿದರೋ ಇಲ್ಲವೋ ಬಸವಲಿಂಗಪ್ಪನವರಿಗೆ ತಿಳಿಯಲಿಲ್ಲ.

“ಹಂಗಾರ ನನ್ನ ಹೆಸರೂ ಹಚ್ಚಾಕ ಹೇಳ್ರಿ,” ಎಂದರು ಸುವರ್ಣಮ್ಮ.