ಊಹೂಂ

ನಾನು ಮೊದಲಿನಿಂದಲೂ ಪುಕ್ಕಲು. ಮಿಕ್ಸಿ ಹಾಕುವಾಗಲೂ ಒಂದು ಹೆಜ್ಜೆ ಹಿಂದೆ ನಿಲ್ಲುವವಳು. ಅಂಥವಳು ಶಿಕಾಗೋಗೆ ಮೆಕ್ಯಾನಿಕಲ್ ಎಂ.ಎಸ್. ಮಾಡಲು ಬಂದು, ಕಬ್ಬಿಣ ಮುರಿಯುವ ಲ್ಯಾಬನ್ನೇ ಆರಿಸಿಕೊಂಡೆ. ಲೋಹಕ್ಕೂ ದಣಿವಾಗುತ್ತದೆ, ಎಳೆದು ಬಿಟ್ಟು ಎಳೆದು ಬಿಟ್ಟು ಮಾಡುತ್ತಿದ್ದರೆ ಒಳಗೊಳಗೇ ಬಿರುಕು ಬಿಟ್ಟು ಒಂದು ದಿನ ಫಟ್ಟನೆ ಮುರಿಯುತ್ತದೆ ಎಂದು ಕ್ಲಾಸಿನಲ್ಲಿ ಕೇಳಿದಾಗಿನಿಂದ ನನಗೆ ಅದರದ್ದೇ ಹುಚ್ಚು.

ಲ್ಯಾಬಿನ ಯಂತ್ರ ನನಗಿಂತ ಎತ್ತರ. ಅದರ ಎರಡು ಉಕ್ಕಿನ ದವಡೆಗಳ ನಡುವೆ ಲೋಹದ ಪಟ್ಟಿಯನ್ನು ನೆಟ್ಟಗೆ ಹಿಡಿಯಬೇಕು. ಗುಂಡಿ ಒತ್ತಿದರೆ ದವಡೆ ಕಚ್ಚಿಕೊಳ್ಳುತ್ತದೆ. ಬೆರಳು ಸಿಕ್ಕಿತೋ, ಬೆರಳು ಹೋಯಿತು. ಪಟ್ಟಿ ಹಿಡಿಯುವವಳು ನಾನು, ಗುಂಡಿ ಒತ್ತುವವನು ನನ್ನ ಜೊತೆಗಾರ, ಡೆಟ್ರಾಯಿಟ್ ಕಡೆಯ ಹುಡುಗ. ಅವನು ಕೂರುವ ಜಾಗದಿಂದ ನನ್ನ ಕೈ ಕಾಣುತ್ತಿರಲಿಲ್ಲ.

ಅವತ್ತು ಪಟ್ಟಿ ಸ್ವಲ್ಪ ವಾಲಿತ್ತು, ಸರಿಮಾಡುತ್ತಿದ್ದೆ. ಅವನು ಕೂತಲ್ಲಿಂದಲೇ "ರೆಡಿ?" ಎಂದ. ನಾನು ತಲೆಯೆತ್ತದೆ "ಊಹೂಂ" ಎಂದೆ.

ದವಡೆ ಮುಚ್ಚಿತು.

ನಾನು ಹಾಕಿಕೊಂಡಿದ್ದ ಗ್ಲೌಸು ಗಂಡಸರ ಅಳತೆಯದ್ದು. ಅದರ ತುದಿ ಒಳಗೆ ಸಿಕ್ಕಿಕೊಂಡಿತು, ಕೈ ಜಾರಿ ಹೊರಗೆ ಬಂತು. ಬೆರಳು ಎಣಿಸಿದೆ. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದೆ.

ಅವನು ಬಿಳಿಚಿಕೊಂಡು ಓಡಿಬಂದ. ನೀನೇ ಹೂಂ ಅಂದೆಯಲ್ಲ ಎಂದು ಅವನು, ಇಲ್ಲ, ಬೇಡ ಅಂದೆ ಎಂದು ನಾನು, ಇಬ್ಬರೂ ಜಗಳಕ್ಕೆ ನಿಂತೆವು. ಕೊನೆಗೆ, ಏನಂದೆ ಇನ್ನೊಂದು ಸಲ ಅನ್ನು ಎಂದ. ಅಂದೆ. ಅಮೆರಿಕದವರು ಒಪ್ಪಿಗೆಗೆ ಗಂಟಲಲ್ಲೇ ಹೊರಡಿಸುವ "ಮ್‌ಹೂಂ" ಸದ್ದೂ ಹೆಚ್ಚುಕಡಿಮೆ ಅದೇ. ಎರಡನ್ನೂ ಅವನು ಬಾಯಲ್ಲಿ ಹೇಳಿ ನೋಡಿದ, ಅವನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ನಾನು ನಿಜವಾಗಿ ಹೆದರಿದ್ದು ಆಗ. ಗಮನ ತಪ್ಪಿದ್ದರೆ ಇನ್ನು ಮೇಲೆ ಗಮನ ಕೊಡಬಹುದಿತ್ತು. ಇದು ಮಾತು ಬಂದಾಗಿನಿಂದ ಬಾಯಲ್ಲಿರುವುದು, ಯೋಚಿಸುವ ಮೊದಲೇ ಹೊರಗೆ ಬರುತ್ತದೆ. ನನ್ನ ಬಾಯಿಯದ್ದೇ ನನಗೆ ಭಯವಾಗಿಬಿಟ್ಟಿತು.

ಆ ಭಾನುವಾರ ಶಿಕಾಗೋ ಹೊರವಲಯದ ವುಡ್‌ರಿಡ್ಜ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಊಟ. ಯಾರ ಹತ್ತಿರವೂ ಬಾಯಿ ಬಿಡಬಾರದು ಎಂದುಕೊಂಡೇ ಹೋಗಿದ್ದೆ. ಊರಲ್ಲಿರುವ ಅಮ್ಮನ ಕಿವಿಗೆ ಬಿದ್ದರೆ, ಆ ಲ್ಯಾಬು ಬಿಟ್ಟು ಕಂಪ್ಯೂಟರಿಗೆ ಸೇರು ಎಂದು ಪಟ್ಟು ಹಿಡಿಯುತ್ತಾಳೆ. ಆಮೇಲೆ ನನ್ನ ಲೋಹವೂ ಇಲ್ಲ, ಬಿರುಕೂ ಇಲ್ಲ.

ಚಿಕ್ಕಮ್ಮ ಬಿಸಿ ಸಾರಿನ ಸೌಟು ಹಿಡಿದು ಬಂದರು. "ಇನ್ನೊಂಚೂರು ಹಾಕ್ಲಾ?"

ತಟ್ಟೆಗೆ ಕೈ ಅಡ್ಡ ಹಿಡಿದು "ಊಹೂಂ" ಎಂದೆ. ನಮ್ಮ ಮನೆಗಳಲ್ಲಿ ಬಡಿಸುವವರಿಗೆ ಅದು ಯಾವತ್ತು ಕೇಳಿಸಿದೆ? ಸೌಟು ಕೆಳಗಿಳಿಯಿತು.

ನಾನು ಕಿರುಚಿ ಕೈ ಎಳೆದುಕೊಂಡೆ. ಸಾರು ಟೇಬಲ್ ತುಂಬ ಚೆಲ್ಲಿತು.

"ಸುಟ್ತೇನೇ? ತೋರ್ಸು ಇಲ್ಲಿ." ಚಿಕ್ಕಮ್ಮ ನನ್ನ ಕೈ ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ.

"ಅಮ್ಮಂಗೆ ಹೇಳ್ಬೇಡಿ ಚಿಕ್ಕಮ್ಮ," ಎಂದೆ.

ಅವರು ಬೆರಳು ಬಿಡದೆ ನನ್ನ ಮುಖ ನೋಡಿದರು. "ಏನನ್ನೇ ಹೇಳ್ಬಾರ್ದು?"